ದಿಮ್ಮಿ ಹೇಗೆ ಮಲಗಿದೆ, ಮೊದಲು ಅದನ್ನು ನೋಡಿ

ಮರ ಕೊಯ್ಯುವ ಮಿಷನ್ ಮನೆಗೊಂದರಂತೆ ಇಟ್ಟುಕೊಂಡಿರುವ ಮಲೆನಾಡಿನ ತೋಟದ ಮನೆಯವರಿಗೆ, ಅದರಲ್ಲೂ ಅದರ ಹಗ್ಗ ಎಳೆಯುವ ಹುಡುಗರಿಗೆ,



ಸಂಕ್ರಾಂತಿ ಕಳೆಯಿತು. ಅಡಿಕೆ ಬೇಯಿಸುವ ಹಂಡೆ ತೊಳೆದು ಬೋರಲು ಹಾಕಿ ಆಯಿತು. ಇನ್ನು ಯುಗಾದಿ ದಾಟುವವರೆಗೆ ತೀರ್ಥಹಳ್ಳಿ, ಕೊಪ್ಪ, ಹೊಸನಗರ, ಸಾಗರ, ಶಿರಸಿ ಎಲ್ಲಿಗೆ ಹೋದರೂ ಗುಡ್ಡದ ಆಚೆಯಿಂದ ಒಂದೇ ಸದ್ದು. ಮಳೆಗಾಲದ ಸೌದೆ ಆಗುತ್ತಿದೆ. ಟ್ರ್ಯಾಕ್ಟರ್ ಬಂದು ಎಂಟು ಹತ್ತು ಅಡಿಯ ಅಕೇಶಿಯಾ ದಿಮ್ಮಿಗಳನ್ನು ಅಂಗಳದ ಅಂಚಿಗೆ ಸುರಿದು ಹೋಗುತ್ತದೆ. ಮಾರನೆಯ ಬೆಳಿಗ್ಗೆ ಮನೆಯ ಹುಡುಗ ಪಂಚೆ ಎತ್ತಿ ಕಟ್ಟಿ, ಹವಾಯಿ ಚಪ್ಪಲಿ ಮೆಟ್ಟಿ, ಆ ರಾಶಿಯ ಮೇಲೇ ಹತ್ತಿ ನಿಂತು ಮಿಷನ್ ಶುರು ಮಾಡುತ್ತಾನೆ. ಈ ಪತ್ರ ಅವನಿಗೆ. ಜಗುಲಿಯಲ್ಲಿ ಕೂತು ಅವನನ್ನು ನೋಡುತ್ತಿರುವ ಅಪ್ಪನಿಗೂ.

ಮರ ಬೀಳಿಸುವ ಕೆಲಸವೆಂದರೆ ನಿಮಗೆಲ್ಲ ಭಯವಿದೆ. ಅದಕ್ಕೆ ಗೊತ್ತಿದ್ದವನನ್ನೇ ಕರೆಸುತ್ತೀರಿ, ಅವನು ಕೇಳಿದಷ್ಟು ಕೂಲಿ ಕೊಡುತ್ತೀರಿ, ದೂರ ನಿಲ್ಲುತ್ತೀರಿ. ಬಿದ್ದ ಮರ ಅಂಗಳಕ್ಕೆ ಬಂದ ಮೇಲೆ ಮಾತ್ರ ಆ ಭಯ ಹಾರಿಹೋಗುತ್ತದೆ. 'ಬಿದ್ದ ಮರ ಇನ್ನೆಲ್ಲಿಗೆ ಬೀಳುತ್ತೆ? ಬರೀ ತುಂಡು ಹಾಕೋದು ತಾನೇ' ಅನ್ನುತ್ತೀರಿ. ಸುತ್ತಲಿನ ಮನೆಗಳ ಚೈನ್‌ಗಳಿಗೆ ಅರ ಹಾಕಿಕೊಡುವವನು ನಾನು. ಚೈನ್ ಕೊಡಲು ಬಂದವರ ಕಾಲು, ಕೈ, ಗದ್ದದ ಮೇಲಿನ ಹೊಲಿಗೆಗಳ ಕತೆ ಕೇಳುತ್ತಾ ಬಂದಿದ್ದೇನೆ. ಅವುಗಳಲ್ಲಿ ಮರ ಬೀಳಿಸುವಾಗ ಆದದ್ದು ಅಪರೂಪ. ಹೆಚ್ಚಿನವು ಆಗಿರುವುದು ಅಂಗಳದಲ್ಲಿ, ಬಚ್ಚಲೊಲೆಗೆ ಸೌದೆ ಮಾಡುವಾಗ.

ಇಬ್ಬರು ಎಳೆಯುವ ಗರಗಸದ ಕಾಲ ನಿಮ್ಮ ಅಜ್ಜನಿಗೆ ನೆನಪಿರಬಹುದು. ಆ ಗರಗಸ ಹಾಕುವ ಮೊದಲು ಅವರು ದಿಮ್ಮಿಯ ಸುತ್ತ ಒಂದು ಸುತ್ತು ಬರುತ್ತಿದ್ದರು. ಭಾರ ಎಲ್ಲಿ ಕೂತಿದೆ, ಯಾವ ತುದಿ ಅಂತರದಲ್ಲಿದೆ, ಕೊಯ್ದರೆ ಯಾವ ಕಡೆ ಜಗ್ಗುತ್ತದೆ ಎಂದು ನೋಡಿ, ಅಡಿಗೆ ಒಂದು ಕೊರಡು ಕೊಟ್ಟು, ಬೆಣೆ ಹತ್ತಿರ ಇಟ್ಟುಕೊಂಡು ಕೂರುತ್ತಿದ್ದರು. ಅವರೇನೂ ಬಹಳ ಜಾಣರೆಂದು ಹಾಗೆ ಮಾಡುತ್ತಿರಲಿಲ್ಲ. ನೋಡದೆ ಕೊಯ್ದರೆ ಕೊಯ್ದ ಸೀಳು ಮುಚ್ಚಿಕೊಂಡು ಗರಗಸ ಕಚ್ಚಿಕೊಳ್ಳುತ್ತಿತ್ತು, ಅರ್ಧ ದಿನ ಹಾಳಾಗುತ್ತಿತ್ತು. ಆ ಗರಗಸ ಕಚ್ಚಿಕೊಂಡರೆ ಸುಮ್ಮನೆ ನಿಲ್ಲುತ್ತಿತ್ತು, ಅಷ್ಟೇ. ಈ ಮಿಷನ್‌ನ ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ, ಅಂದರೆ ಗಂಟೆಗೆ 70 ಕಿಲೋಮೀಟರ್‌ಗೂ ಹೆಚ್ಚು. ಅದು ಕಚ್ಚಿಕೊಂಡಾಗ ಆ ವೇಗವೆಲ್ಲ ಎಲ್ಲಿಗಾದರೂ ಹೋಗಲೇಬೇಕಲ್ಲ. ಅದು ಹಿಡಿಕೆ ಹಿಡಿದವನ ಕಡೆಗೆ ಬರುತ್ತದೆ. ನಿಮ್ಮ ತಕರಾರು ಏನೇ ಇರಲಿ, ನಾನು ಹೇಳಬೇಕೆಂದಿರುವುದು ಇದೊಂದೇ: ಮಿಷನ್ ಬಂದ ಮೇಲೆ ದಿಮ್ಮಿ ನೋಡುವ ಕೆಲಸವನ್ನು ಬಿಟ್ಟಿದ್ದೇವೆ, ಅದು ಬೇಕಾಗಿರುವುದು ಈಗಲೇ.

ನೋಡುವುದು ಅಂದರೆ ಏನು ಅಂತ ಹೇಳುತ್ತೇನೆ. ಚೈನ್ ಸಾ ಅಂಗಡಿಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಹಗ್ಗ ಎಳೆಯುವುದು ಹೇಗೆಂದು ತೋರಿಸಿ ಬಿಲ್ ಹರಿದು ಕೊಡುತ್ತಾರೆ.

ದಿಮ್ಮಿಯ ಎರಡೂ ತುದಿ ಯಾವುದರ ಮೇಲಾದರೂ ಕೂತು, ನಡು ಭಾಗ ಅಂತರದಲ್ಲಿದೆ ಅಂದುಕೊಳ್ಳಿ. ಆಗ ಭಾರಕ್ಕೆ ನಡು ಕೆಳಗೆ ಜಗ್ಗಿರುತ್ತದೆ, ಕಣ್ಣಿಗೆ ಕಾಣದಿದ್ದರೂ. ಮೇಲಿನ ನಾರುಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ಕೆಳಗಿನವು ಬಿಗಿಯಾಗಿ ಎಳೆದುಕೊಂಡಿರುತ್ತವೆ. ನೀವು ಮೇಲಿನಿಂದ ಕೊಯ್ಯುತ್ತಾ ಹೋದರೆ ಅರ್ಧ ದಾಟುವುದರೊಳಗೆ ಸೀಳಿನ ಬಾಯಿ ಮುಚ್ಚುತ್ತದೆ, ಚೈನ್ ಸುತ್ತಿ ಓಡುವ ಅಲಗಿನ, ಅಂದರೆ ಬಾರ್‌ನ, ಮೇಲಂಚನ್ನು ಹಿಡಿದುಕೊಳ್ಳುತ್ತದೆ. ಮೇಲಂಚಿನಲ್ಲಿ ಚೈನ್ ಓಡುವುದು ನಿಮ್ಮಿಂದ ಆಚೆಗೆ. ಅದನ್ನು ಮರ ಹಿಡಿದರೆ ಇಡೀ ಮಿಷನ್ ನಿಮ್ಮ ಹೊಟ್ಟೆಯ ಕಡೆಗೆ ತಳ್ಳಿಕೊಂಡು ಬರುತ್ತದೆ. ಹೀಗಾಗಿ ಇಂಥ ದಿಮ್ಮಿಗೆ ಮೇಲಿನಿಂದ ಮೂರರಲ್ಲೊಂದು ಪಾಲು ಕೊಯ್ದು ನಿಲ್ಲಿಸಿ, ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ ಕೊಯ್ದು ಮುಗಿಸಬೇಕು. ಕೆಳಗಿನಿಂದ ಕೊಯ್ಯುವಾಗಲೂ ಮಿಷನ್ ನಿಮ್ಮ ಕಡೆಗೇ ತಳ್ಳುತ್ತಿರುತ್ತದೆ. ಅದಕ್ಕೆ ಕೈ ಗಟ್ಟಿ ಇರಲಿ, ಮೈ ಬಾರ್‌ನ ನೇರದಲ್ಲಿ ಇರಬಾರದು.

ಇನ್ನೊಂದು ಬಗೆಯದು, ದಿಮ್ಮಿಯ ಒಂದು ತುದಿ ರಾಶಿಯೊಳಗೆ ಸಿಕ್ಕಿ, ಇನ್ನೊಂದು ತುದಿ ಗಾಳಿಯಲ್ಲಿ ಚಾಚಿಕೊಂಡಿರುವುದು. ಇಲ್ಲಿ ಲೆಕ್ಕ ತಿರುಗುಮುರುಗು. ಬಿಗಿ ಇರುವುದು ಮೇಲೆ, ಒತ್ತಡ ಕೆಳಗೆ. ಮೇಲಿನಿಂದಲೇ ಪೂರ್ತಿ ಕೊಯ್ದರೆ ಇನ್ನೇನು ಮುಗಿಯಿತು ಅನ್ನುವಾಗ ಭಾರಕ್ಕೆ ತುಂಡು ಮುರಿದು, ಕೆಳಗಿನ ನಾರು ಉದ್ದಕ್ಕೆ ಸಿಗಿದುಕೊಂಡು ಬೀಳುತ್ತದೆ. ಮೊದಲು ಕೆಳಗಿನಿಂದ ಮೂರರಲ್ಲೊಂದು ಪಾಲು, ಆಮೇಲೆ ಮೇಲಿನಿಂದ. ತುಂಡು ತಾನಾಗಿ ಕಳಚಿ ಬೀಳುತ್ತದೆ. ಬೀಳುವ ಜಾಗದಲ್ಲಿ ನಿಮ್ಮ ಪಾದ ಇಲ್ಲದಿದ್ದರೆ ಸಾಕು.

ಪೂರ್ತಿ ನೆಲದ ಮೇಲೆ ಮಲಗಿದ ದಿಮ್ಮಿ ಎಲ್ಲಕ್ಕಿಂತ ಸಾಧು. ಆದರೆ ಚೈನ್‌ಗೆ ಅದೇ ಶತ್ರು. ಪೂರ್ತಿ ಕೊಯ್ಯಲು ಹೋದರೆ ಕೊನೆಯ ಅರ್ಧ ಇಂಚಿನಲ್ಲಿ ಚೈನ್ ಮಣ್ಣು ಮುಟ್ಟುತ್ತದೆ. ನಮ್ಮ ಜಂಬಿಟ್ಟಿಗೆ ನೆಲಕ್ಕೆ ಒಂದು ಸಲ ತಾಗಿದರೂ ಅರ ಹಾಕಿದ್ದೆಲ್ಲ ನೀರಲ್ಲಿ ಹೋಮ. ಆದ್ದರಿಂದ ಮುಕ್ಕಾಲು ಪಾಲು ಕೊಯ್ಯುತ್ತಾ ಉದ್ದಕ್ಕೂ ಹೋಗಿ. ಎಲ್ಲ ಗುರುತುಗಳಲ್ಲೂ ಮುಕ್ಕಾಲು ಆದ ಮೇಲೆ ಮಿಷನ್ ಆರಿಸಿ, ಹಾರೆ ಹಾಕಿ ದಿಮ್ಮಿಯನ್ನು ಮಗುಚಿ, ಉಳಿದ ಕಾಲು ಪಾಲನ್ನು ಆ ಕಡೆಯಿಂದ ಮುಗಿಸಿ. ಇನ್ನೂ ಸುಲಭವೆಂದರೆ ತೊಡೆಗಾತ್ರದ ಎರಡು ಕೊರಡುಗಳನ್ನು ನೆಲದಲ್ಲಿ ಹಾಸಿ, ದಿಮ್ಮಿಯನ್ನು ಅವುಗಳ ಮೇಲೆ ಉರುಳಿಸಿಕೊಂಡು, ಆಚೆಗೆ ಚಾಚಿದ ತುದಿಯಿಂದ ಒಂದೊಂದೇ ತುಂಡು ಹಾಕುತ್ತಾ ಬರುವುದು. ಸಣ್ಣ ಕೊಂಬೆ, ಗಳು ಇದ್ದರೆ ಕತ್ತರಿಕಾಲಿನ ಮೇಲೆ ಕಟ್ಟಾಗಿ ಜೋಡಿಸಿ ಹಗ್ಗ ಬಿಗಿದು ಒಟ್ಟಿಗೆ ಕೊಯ್ಯಿರಿ. ಒಂಟಿ ಗಳುವನ್ನು ಒಬ್ಬರು ಕಾಲಲ್ಲಿ ಮೆಟ್ಟಿ ಹಿಡಿಯುವುದು, ಇನ್ನೊಬ್ಬರು ಕೊಯ್ಯುವುದು ಬೇಡ. ಹಿಡಿಯಲು ನಿಲ್ಲುವುದು ಬಹುಪಾಲು ಮನೆಯ ಹೆಂಗಸರೋ ಕೆಲಸದವರೋ ಆಗಿರುತ್ತಾರೆ, ಮಿಷನ್ ಹಿಡಿದವನು ಧೈರ್ಯಸ್ಥ ಅನ್ನಿಸಿಕೊಳ್ಳುತ್ತಾನೆ. ಈ ಧೈರ್ಯ ನನಗೆ ಅರ್ಥವಾಗುವುದಿಲ್ಲ.

ನಮ್ಮ ಅಂಗಳಗಳು ಸಪಾಟಾಗಿರುವುದೂ ಕಡಿಮೆ. ಇಳಿಜಾರಿದ್ದರೆ ದಿಮ್ಮಿಯ ಮೇಲುಗಡೆ ನಿಲ್ಲಿ. ತುಂಡಾದದ್ದು ಉರುಳುವುದು ಕೆಳಕ್ಕೇ.

ಈಗ ರಾಶಿಯ ವಿಷಯ. ಟ್ರ್ಯಾಕ್ಟರ್ ಸುರಿದ ರಾಶಿಯ ಮೇಲೆ ನಿಂತು ಕೊಯ್ಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಎತ್ತುವ ಶ್ರಮ ಉಳಿಯುತ್ತದೆ ಎಂಬುದು ಅದರ ಸಮರ್ಥನೆ. ರಾಶಿಯೊಳಗೆ ಯಾವ ದಿಮ್ಮಿ ಯಾವುದನ್ನು ಹಿಡಿದು ನಿಲ್ಲಿಸಿದೆ ಎಂದು ಹೇಳಲು ದೇವರಿಗೂ ಆಗದು. ಅದಕ್ಕಿಂತ ಮುಖ್ಯವಾದದ್ದು ಬಾರ್‌ನ ಮೂತಿ. ಆ ಮೂತಿಯ ಮೇಲರ್ಧ ಯಾವುದಕ್ಕಾದರೂ ತಾಗಿದರೆ ಹಲ್ಲು ಕೊಯ್ಯಲಾಗದೆ ಕಚ್ಚಿಕೊಂಡು, ಬಾರ್ ಸರಕ್ಕನೆ ಮೇಲಕ್ಕೆದ್ದು ನಿಮ್ಮ ಮುಖದ ಕಡೆಗೆ ತಿರುಗುತ್ತದೆ. 'ಮಿಷನ್ ಒದೀತು' ಅನ್ನುತ್ತೀರಲ್ಲ, ಅದು ಇದು. ಒದೆಯುವುದು ಕಂಡು, ಅರ್ಥವಾಗಿ, ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ. ರಾಶಿಯಲ್ಲಿ ನೀವು ನೋಡುತ್ತಿರುವುದು ಕೊಯ್ಯುತ್ತಿರುವ ದಿಮ್ಮಿಯನ್ನು, ಮೂತಿ ತಾಗುವುದು ಅದರ ಹಿಂದೆ ಅಡಗಿರುವ ದಿಮ್ಮಿಗೆ. ಹಾಗಾಗಿ ಒಂದೊಂದನ್ನೇ ಹಾರೆಯಲ್ಲಿ ಮೀಟಿ ಹೊರಗೆಳೆದುಕೊಳ್ಳಿ. ಒಂದು ಗಂಟೆ ಹೆಚ್ಚು ಹಿಡಿಯುತ್ತದೆ. ಹಿಡಿಯಲಿ.

ಮುಂದಿನ ಹಿಡಿಕೆಯ ಎದುರಿಗೆ ಒಂದು ಪ್ಲಾಸ್ಟಿಕ್ ರೆಕ್ಕೆ ಇರುತ್ತದಲ್ಲ, ಅದು ಕೈಗೆ ಸಿಪ್ಪೆ ಸಿಡಿಯದಿರಲಿ ಎಂದು ಇಟ್ಟದ್ದಲ್ಲ. ಅದು ಚೈನ್‌ನ ಬ್ರೇಕ್. ಮಿಷನ್ ಒದ್ದಾಗ ನಿಮ್ಮ ಎಡಗೈ ತಾಗಿಯೋ, ಆ ಝಾಡಿಗೆ ತಾನಾಗಿಯೋ ಅದು ಮುಂದಕ್ಕೆ ಬಿದ್ದು ಚೈನ್ ನಿಲ್ಲಿಸುತ್ತದೆ. ರಿಪೇರಿಗೆ ಬರುವ ಮಿಷನ್‌ಗಳಲ್ಲಿ ಆ ರೆಕ್ಕೆ ಮುರಿದು ಎಸೆದಿರುವುದನ್ನು ಕಾಣುತ್ತೇನೆ, 'ಅಡ್ಡ ಬರುತ್ತಿತ್ತು' ಅನ್ನುತ್ತಾರೆ. ದಿನಾ ಕೆಲಸಕ್ಕೆ ಮೊದಲು ಬ್ರೇಕ್ ಹಾಕಿ, ಬಿಟ್ಟು ನೋಡಿ. ಶುರು ಮಾಡುವಾಗ ಬ್ರೇಕ್ ಹಾಕಿ, ಮಿಷನ್ ನೆಲದಲ್ಲಿಟ್ಟು, ಹಿಂದಿನ ಹಿಡಿಕೆಯೊಳಗೆ ಬಲಗಾಲ ತುದಿ ತೂರಿಸಿ ಮೆಟ್ಟಿ ಹಗ್ಗ ಎಳೆಯಿರಿ. ಒಂದು ಕೈಯಲ್ಲಿ ಜೋತುಬಿಟ್ಟು ಇನ್ನೊಂದು ಕೈಯಲ್ಲಿ ಝಾಡಿಸಿ ಎಳೆಯುವುದು ನೋಡಲು ಚೆಂದ, ಸಿನಿಮಾದವರಿಗೆ ಇರಲಿ. ಎಡಗೈ ಹೆಬ್ಬೆರಳು ಹಿಡಿಕೆಯ ಅಡಿಯಿಂದ ಸುತ್ತಿಕೊಂಡೇ ಇರಬೇಕು.

ಮಿಷನ್ ಕಚ್ಚಿಕೊಂಡರೆ ಏನು ಮಾಡುತ್ತೀರಿ ಎಂದು ಗೊತ್ತು. ರೇಸ್ ಕೊಟ್ಟು ಎಳೆಯುತ್ತೀರಿ. ಬೇಡ. ಆರಿಸಿ. ಹಾರೆ ಹಾಕಿ ದಿಮ್ಮಿ ಎತ್ತಿ, ಸೀಳಿನ ಬಾಯಿಗೆ ಬೆಣೆ ಹೊಡೆದು ಬಿಡಿಸಿ. ಬೆಣೆ ಗಟ್ಟಿ ಮರದ್ದೋ ಪ್ಲಾಸ್ಟಿಕ್‌ದೋ ಇರಲಿ. ಸೌದೆ ಒಡೆಯುವ ಕಬ್ಬಿಣದ ಬೆಣೆ ಚೈನ್‌ಗೆ ತಾಗಿದರೆ ಹಲ್ಲು ಹಾರುತ್ತದೆ.

ಹಲ್ಲಿನ ಮಾತು ಬಂತು, ನನ್ನ ಇಷ್ಟದ ವಿಷಯ, ಸ್ವಲ್ಪ ತಡೆದುಕೊಳ್ಳಿ. ಈ ಚೈನ್‌ನ ಹಲ್ಲಿನ ಆಕಾರ ಹೊಳೆದದ್ದು ಒಂದು ಹುಳದಿಂದ. 1946ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕೊಯ್ಯುವ ಕೆಲಸಗಾರ ಒಂದು ಕುಂಟೆಯಲ್ಲಿ ದುಂಬಿಯ ಮರಿಹುಳು ಮರ ತಿನ್ನುವುದನ್ನು ಕಂಡ. ಅದು ನಾರಿನ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಲೀಸಾಗಿ ತಿನ್ನುತ್ತಾ ಹೋಗುತ್ತಿತ್ತು, ದವಡೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಅದನ್ನೇ ಉಕ್ಕಿನಲ್ಲಿ ಮಾಡಿದ. ಈಗಲೂ ನಿಮ್ಮ ಚೈನ್‌ನಲ್ಲಿ ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಇರುವುದು ಅದರಿಂದಲೇ. ಅರೇಬಿಕಾ ಕಾಫಿ ಬೆಳೆಯುವ ಕೊಪ್ಪ, ಬಾಳೆಹೊನ್ನೂರು ಕಡೆಯವರು ಬಿಳಿ ಕಾಂಡಕೊರಕಕ್ಕೆ ಶಾಪ ಹಾಕುವಾಗ ಇದನ್ನು ನೆನೆಸಿಕೊಳ್ಳಬಹುದು, ಅದು ಆ ಹುಳದ ಕುಟುಂಬದ್ದೇ.

ಚೈನ್ ಹರಿತವಿದೆಯೋ ಇಲ್ಲವೋ ಎಂದು ನೋಡಲು ಮಿಷನ್ ಅಲ್ಲ, ಅದು ಉದುರಿಸುವುದನ್ನು ನೋಡಿ. ದಪ್ಪ ಸಿಪ್ಪೆ ಉದುರಿದರೆ ಹರಿತವಿದೆ. ಹಿಟ್ಟಿನಂಥ ಪುಡಿ ಬಂದರೆ, ನೀವು ಬಾರ್ ಮೇಲೆ ಭಾರ ಹಾಕುತ್ತಿದ್ದರೆ, ಕೊಯ್ತ ಒಂದು ಕಡೆಗೆ ಬಾಗುತ್ತಿದ್ದರೆ, ನಿಲ್ಲಿಸಿ. ಮೊಂಡ ಚೈನ್‌ನಲ್ಲಿ ಕೊಯ್ಯುವವನು ಮಿಷನ್‌ಗೆ ಮೈಭಾರ ಕೊಟ್ಟಿರುತ್ತಾನೆ, ಕೊಯ್ತ ಮುಗಿದ ಕೂಡಲೇ ಆ ಭಾರದ ಸಮೇತ ಮುಂದಕ್ಕೆ ಮುಗ್ಗರಿಸುತ್ತಾನೆ, ಬಾರ್ ಅವನ ಎಡಗಾಲ ಕಡೆಗೆ ಬರುತ್ತದೆ. ಹರಿತವಾದದ್ದಕ್ಕಿಂತ ಮೊಂಡಾದದ್ದೇ ಕಾಲು ಕಡಿಯುವುದು.

ಪೆಟ್ರೋಲ್ ತುಂಬಿಸಿದಾಗಲೆಲ್ಲ ದುಂಡು ಅರದಲ್ಲಿ ಹಲ್ಲಿಗೆ ಎರಡು ಮೂರು ಸಲ, ಒಳಗಿನಿಂದ ಹೊರಕ್ಕೆ ಒಂದೇ ದಿಕ್ಕಿನಲ್ಲಿ, ಸುಮಾರು 30 ಡಿಗ್ರಿ ಓರೆಯಲ್ಲಿ ಎಳೆದರೆ ಸಾಕು. ಅರದ ಗಾತ್ರ ಚೈನ್‌ಗೆ ತಕ್ಕ ಹಾಗೆ 4, 4.8 ಇಲ್ಲವೇ 5.5 ಮಿಲಿಮೀಟರ್. ಮಿಷನ್ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ, ಆ ಪುಸ್ತಕವನ್ನು ಒಲೆಗೆ ಹಾಕಿಲ್ಲ ಅಂದುಕೊಳ್ಳುತ್ತೇನೆ. ಪ್ರತಿ ಹಲ್ಲಿನ ಮುಂದೆ ಒಂದು ಗಿಡ್ಡ ಗುಬುಟು ಇರುತ್ತದೆ. ಹಲ್ಲು ಎಷ್ಟು ಆಳ ಕಚ್ಚಬೇಕೆಂದು ಹೇಳುವುದು ಅದು. ಸಾಮಾನ್ಯವಾಗಿ ಅದು ಹಲ್ಲಿಗಿಂತ 0.65 ಮಿಲಿಮೀಟರ್ ತಗ್ಗಿರಬೇಕು. ಬೇಗ ಕೊಯ್ಯಲಿ ಎಂದು ಕೆಲವು ಹುಡುಗರು ಅದನ್ನು ಚೆನ್ನಾಗಿ ಉಜ್ಜಿಬಿಡುತ್ತಾರೆ. ಬೇಗ ಕೊಯ್ಯುವುದೂ ಹೌದು, ಒದೆಯುವುದೂ ಜಾಸ್ತಿ.

ಗುಡ್ಡದಿಂದ ಎಳೆದು ತಂದ ದಿಮ್ಮಿಗಳ ತೊಗಟೆಯಲ್ಲಿ ಕೆಮ್ಮಣ್ಣು ಮೆತ್ತಿರುತ್ತದೆ. ಕೊಯ್ಯುವ ಜಾಗದಲ್ಲಿ ಕತ್ತಿಯಿಂದ ತೊಗಟೆ ಹೆರೆದರೆ ಚೈನ್ ಉಳಿಯುತ್ತದೆ. ಬೇಲಿಸಾಲಿನ ಸಿಲ್ವರ್ ಓಕ್ ಆದರೆ ತಂತಿ, ಮೊಳೆ ಒಳಗೆ ನುಂಗಿರುತ್ತದೆ. ತೊಗಟೆಯ ಮೇಲೆ ಕಪ್ಪು ಕಲೆ ಕಂಡಲ್ಲಿ ಒಂದಡಿ ಬಿಟ್ಟು ಕೊಯ್ಯಿರಿ. ರಾಶಿಯಲ್ಲಿ ಹೊಳೆಗೇರಿನ ಕೊಂಬೆ ಸೇರಿದ್ದರೆ ಮಿಷನ್ ಹತ್ತಿರಕ್ಕೂ ತರಬೇಡಿ. ಅದರ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ ಎಂದು ನಿಮಗೆ ಗೊತ್ತೇ ಇದೆ. ಮಿಷನ್ ಅದನ್ನು ಹನಿ ಹನಿ ಮಾಡಿ ಮುಖಕ್ಕೆ ಸಿಂಪಡಿಸುತ್ತದೆ.

ಮೈಮೇಲೆ ಹಾಕಿಕೊಳ್ಳುವುದರ ಬಗ್ಗೆ ಬರೆದರೆ ನೀವು ನಗುತ್ತೀರಿ, ಆದರೂ ಬರೆಯುತ್ತೇನೆ. ಕಾಲಿಗೆ ಕಟ್ಟುವ ಕವಚ ಸಿಗುತ್ತದೆ. ಮುಂಭಾಗದಲ್ಲಿ ಪದರ ಪದರವಾಗಿ ಉದ್ದ ನೂಲು ತುಂಬಿರುತ್ತದೆ. ಓಡುವ ಚೈನ್ ತಾಗಿದ ಕೂಡಲೇ ಆ ನೂಲು ಹಿಂಜಿ ಎಳೆದುಕೊಂಡು ಹೋಗಿ ಹಲ್ಲಿನ ಗಾಲಿಗೆ ಸುತ್ತಿ ಚೈನ್ ನಿಲ್ಲಿಸುತ್ತದೆ. ಚೈನ್ ಮಾಡುವ ಗಾಯ ಕತ್ತಿಯ ಗಾಯದಂತಲ್ಲ, ಮಾಂಸ ಹರಿದು ಹೋಗಿರುತ್ತದೆ, ಹೊಲಿಯಲು ಅಂಚೇ ಸಿಗುವುದಿಲ್ಲ. ಮಿಷನ್‌ಗೆ ಸಾವಿರಗಟ್ಟಲೆ ಕೊಟ್ಟವರು ಇದಕ್ಕೆ ಜಿಪುಣತನ ಮಾಡುವುದನ್ನು ನೋಡಿ ನನಗೆ ಸಿಟ್ಟು ಬರುತ್ತದೆ. ಅಡಿಕೆ ದರ ಏರಿದ ವರ್ಷ ಬುಲೆಟ್ ಬೈಕ್ ಕೊಳ್ಳಲು ಯಾರನ್ನೂ ಕೇಳಲಿಲ್ಲ! ನಮ್ಮ ಸೊಸೈಟಿಗಳವರಲ್ಲೂ ಒಂದು ಮಾತು: ದೋಟಿ, ಮೈಲುತುತ್ತ ಮಾರುವ ಕೌಂಟರಿನಲ್ಲಿ ಈ ಕವಚವನ್ನೂ ಇಡಿ. ಬೇಕಾದರೆ ಒಂದನ್ನು ಕೊಂಡು ಬಾಡಿಗೆಗೆ ಕೊಡಿ, ಊರಿಗೆ ಒಂದಿದ್ದರೂ ಆದೀತು. ಅದರ ಜೊತೆ ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಬೂಟು. ಕಿವಿಯ ಹತ್ತಿರ ಈ ಸದ್ದು 100 ಡೆಸಿಬಲ್ ದಾಟುತ್ತದೆ, ಕಿವಿಗೆ ಹತ್ತಿ ತುರುಕಿದರೆ ಸಾಲದು, ಮುಚ್ಚಳವೇ ಬೇಕು.

ಒಬ್ಬರೇ ಇದ್ದಾಗ ಶುರು ಮಾಡಬೇಡಿ. ನಮ್ಮ ಎಷ್ಟೋ ಮನೆಗಳಿಗೆ ಫೋನ್ ಸಿಗ್ನಲ್ ಸಿಗಬೇಕಾದರೆ ದಿಬ್ಬ ಹತ್ತಬೇಕು. ರಕ್ತ ಸುರಿಯುತ್ತಿರುವ ಕಾಲಿನಲ್ಲಿ ದಿಬ್ಬ ಹತ್ತಿ 108ಕ್ಕೆ ಫೋನ್ ಮಾಡಲು ಆಗುವುದಿಲ್ಲ. ಗಾಯವಾದರೆ ಅರಿಶಿನ, ಕಾಫಿಪುಡಿ ಹುಡುಕಬೇಡಿ. ಶುದ್ಧ ಬಟ್ಟೆ ಮಡಚಿ ಗಾಯದ ಮೇಲೆ ಬಲವಾಗಿ ಒತ್ತಿ, ಬಿಡದೆ ಒತ್ತಿಕೊಂಡೇ ಜೀಪು ಹತ್ತಿಸಿ.

ಇಂಧನದ್ದು ಎರಡೇ ಮಾತು. ಎಣ್ಣೆ ಬೆರೆಸುವ ಅಳತೆ ಮಿಷನ್ ಮೇಲೆ ಬರೆದಂತೆಯೇ ಇರಲಿ. 1:50 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್, 1:25 ಎಂದಿದ್ದರೆ 40. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ತೇವ ಹೀರುತ್ತದೆ. ಮಳೆಗಾಲಕ್ಕೆ ಮಿಷನ್ ಅಟ್ಟ ಸೇರುವ ಮೊದಲು ಟ್ಯಾಂಕ್ ಬರಿದು ಮಾಡಿ, ಉಳಿದದ್ದು ಉರಿದು ಆರುವವರೆಗೂ ಓಡಿಸಿ. ಚೈನ್‌ಗೆ ಗ್ಯಾರೇಜಿನ ಸುಟ್ಟ ಆಯಿಲ್ ಹಾಕುವುದನ್ನಂತೂ ಬಿಟ್ಟೇಬಿಡಿ. ಅದರಲ್ಲಿರುವ ಲೋಹದ ಪುಡಿ ಬಾರ್ ತಿನ್ನುತ್ತದೆ, ಸಿಡಿದ ಎಣ್ಣೆಯೆಲ್ಲ ಬಾವಿ ಪಕ್ಕದ ಅಂಗಳಕ್ಕೇ ಇಳಿಯುತ್ತದೆ.

ಅಕ್ಕಂದಿರೇ, ಇನ್ನು ನಿಮ್ಮ ಹತ್ತಿರ. ಎಷ್ಟು ಉದ್ದಕ್ಕೆ ತುಂಡು ಹಾಕಬೇಕೆಂದು ಹೇಳಬೇಕಾದವರು ನೀವು. ಅಡಿಕೆ ಬೇಯಿಸುವ ಒಲೆಗೆ ಮೂರಡಿಯ ಕೊರಡು ನಡೆಯುತ್ತದೆ, ಬಚ್ಚಲೊಲೆಗೆ ಒಂದೂವರೆ ಅಡಿ ಸಾಕು, ಅಡುಗೆಗೆ ಇನ್ನೂ ಗಿಡ್ಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಮಾಡಿದ ಅಸ್ತ್ರ ಒಲೆ ಇನ್ನೂ ಉರಿಯುತ್ತಿರುವ ಮನೆಯವರಿಗೆ ಇದು ಚೆನ್ನಾಗಿ ಗೊತ್ತು: ಅದರ ಬಾಯಿಗೆ ಸಣ್ಣ ಸಿಗಳೇ ಬೇಕು, ಬಾಗಿಲು ಮುಚ್ಚಲಾಗದಷ್ಟು ಉದ್ದದ್ದು ತುರುಕಿದರೆ ಆ ಒಲೆಯ ಗುಣವೇ ಹೋಯಿತು. ಒಂದು ಅಳತೆಕೋಲು ಕೊಯ್ದು ಹುಡುಗನ ಕೈಗೆ ಕೊಡಿ. ಮಿಷನ್ ಶುರು ಮಾಡುವ ಮೊದಲೇ ದಿಮ್ಮಿಯುದ್ದಕ್ಕೂ ಸುಣ್ಣದಲ್ಲಿ ಗುರುತು ಹಾಕಲಿ. ಗಂಟು ಇದ್ದಲ್ಲಿ ಗುರುತನ್ನು ಸ್ವಲ್ಪ ಸರಿಸಿ, ಗಂಟು ತುಂಡಿನ ತುದಿಗೆ ಬರುವಂತೆ ಮಾಡಿದರೆ ಆಮೇಲೆ ಕೊಡಲಿಗೆ ಒಡೆಯುವುದು ಹಗುರ.

ದಿಮ್ಮಿಯಾಗಿಯೇ ಬಿಟ್ಟರೆ ಒಣಗುವುದಿಲ್ಲ. ಮರದ ನೀರು ತೊಗಟೆಯಿಂದ ಹೊರಹೋಗುವುದು ಕಡಿಮೆ, ಕೊಯ್ದ ತುದಿಗಳಿಂದ ಹೋಗುವುದು ಹೆಚ್ಚು. ಹತ್ತಡಿಯ ದಿಮ್ಮಿಗೆ ಎರಡೇ ತುದಿ. ಅದನ್ನೇ ಒಂದೂವರೆ ಅಡಿಗೆ ಕೊಯ್ದು ಸೀಳಿದರೆ ಎಲ್ಲ ಕಡೆಯೂ ಬಾಯಿ. ಹಸಿ ಮರದ ತೂಕದಲ್ಲಿ ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೂ ನೀರೇ ಇರುತ್ತದೆ. ಒಂದು ಲೀಟರ್ ತಣ್ಣೀರನ್ನು ಕುದಿಸಲು ಬೇಕಾಗುವುದರ ಆರೇಳು ಪಟ್ಟು ಶಾಖ ಅದನ್ನು ಆವಿ ಮಾಡಲು ಬೇಕು. ಹಸಿ ಸೌದೆ ಒಲೆಗೆ ಹಾಕಿದವರ ಹಂಡೆ ಕಾಯುವ ಮೊದಲು ಸೌದೆಯ ನೀರು ಆರಬೇಕು, ಹೊಗೆ ಕುಡಿಯುವವರು ನೀವು. ನೀರಿನ ಪಾಲು ನೂರಕ್ಕೆ ಇಪ್ಪತ್ತಕ್ಕಿಂತ ಕೆಳಗಿಳಿದರೆ ಮಾತ್ರ ಅದು ಸೌದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಹೊಯ್ಯುವ ಸೀಮೆ ನಮ್ಮದು. ಜೂನ್ ಬಂದ ಮೇಲೆ ಸೌದೆ ಒಣಗಿಸುವ ಮಾತೇ ಇಲ್ಲ. ಏಪ್ರಿಲ್‌ನಲ್ಲಿ ಕೊಯ್ದು ಮೇ ಕೊನೆಗೆ ಕೊಟ್ಟಿಗೆಗೆ ತುಂಬುವವರು ಎರಡು ತಿಂಗಳೂ ಒಣಗಿಸಿರುವುದಿಲ್ಲ. ಜೊತೆಗೆ ಮೋಡ ಕಂಡು ಅವಸರ ಬೀಳುವುದು ಅವರೇ. ರಾಶಿಯ ಮೇಲೆ ಹತ್ತಿ ಕೊಯ್ಯುವುದು, ಸಂಜೆ ಮಬ್ಬಿನಲ್ಲಿ ಕೊಯ್ಯುವುದು, ಅರ ಹಾಕದೆ ಕೊಯ್ಯುವುದು ಎಲ್ಲ ಆ ಅವಸರದಲ್ಲೇ ಆಗುವುದು. ಮಾಘದಲ್ಲೇ ಶುರು ಮಾಡಿದವನಿಗೆ ದಿಮ್ಮಿಯ ಸುತ್ತ ಒಂದು ಸುತ್ತು ಬರಲು ಪುರುಸೊತ್ತು ಇರುತ್ತದೆ.

ಕಾನೂನಿನ ಬಗ್ಗೆ ಕೇಳುವವರಿಗೆ: 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ನೀಲಗಿರಿ, ಗಾಳಿ, ರಬ್ಬರ್‌ನಂಥ ಕೆಲವು ಮರಗಳಿಗೆ ಅನುಮತಿಯ ಕಟ್ಟುಪಾಡು ಇಲ್ಲ. ಉಳಿದದ್ದಕ್ಕೆ ಮುಂಚೆಯೇ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿಕೊಂಡು ಕಡಿಸಿ. ದಿಮ್ಮಿ ಅಂಗಳಕ್ಕೆ ಬಂದ ಮೇಲೆ ಕೇಳುವುದಲ್ಲ.

ಶಿವರಾತ್ರಿಗೆ ಮುಂಚಿನ ಭಾನುವಾರ ಬೆಳಿಗ್ಗೆ ನಮ್ಮ ಮನೆ ಅಂಗಳಕ್ಕೆ ಒಂದು ಲೋಡು ದಿಮ್ಮಿ ಬರುತ್ತದೆ. ಬನ್ನಿ. ನಿಮ್ಮ ನಿಮ್ಮ ಮಿಷನ್, ಮೊಂಡಾದ ಚೈನ್, ಅರ ತನ್ನಿ. ಮಧ್ಯಾಹ್ನದವರೆಗೆ ಅರ ಹಾಕುವುದು, ಆಮೇಲೆ ಒಬ್ಬೊಬ್ಬರೂ ಒಂದೊಂದು ದಿಮ್ಮಿ: ಎಲ್ಲಿ ಬಿಗಿ, ಎಲ್ಲಿ ಒತ್ತಡ ಎಂದು ಬಾಯಲ್ಲಿ ಹೇಳಿದ ಮೇಲೇ ಹಗ್ಗ ಎಳೆಯುವುದು. ಪಂಚೆಯಲ್ಲಿ ಬಂದವರಿಗೆ ಊಟ ಇದೆ, ಮಿಷನ್ ಮುಟ್ಟಲು ಬಿಡುವುದಿಲ್ಲ. ಕಾಲಿನ ಕವಚ ನನ್ನ ಹತ್ತಿರ ಒಂದಿದೆ, ಸರದಿಯಲ್ಲಿ ಕಟ್ಟಿಕೊಳ್ಳಬಹುದು.

ಇಂತಿ ನಿಮ್ಮವನೇ,
ತೀರ್ಥಹಳ್ಳಿ ಸೀಮೆಯ ಒಬ್ಬ ಅಡಿಕೆ ಬೆಳೆಗಾರ